ಗ್ರ್ಯಾಂಡ್ ಪಿಯಾನೋವನ್ನು ಚಕ್ರದ ಚೌಕಟ್ಟಿನ ಮೇಲೆ ಕೂರಿಸಬೇಕು: ಸುರಕ್ಷಿತವಾಗಿ ಎತ್ತುವುದು ಹೇಗೆ?

ಸಭಾಂಗಣ ಉಸ್ತುವಾರಿ

ಸಂಗೀತ ಶಾಲೆಯೊಂದರ ಸಭಾಂಗಣದ ಹೊಣೆ ನನ್ನದು. ಅಲ್ಲಿರುವುದು ಯಮಹಾ ಸಿ3ಎಕ್ಸ್ ಗ್ರ್ಯಾಂಡ್ ಪಿಯಾನೋ: ಉದ್ದ 186 ಸೆಂ.ಮೀ., ತೂಕ 320 ಕೆ.ಜಿ. ಸಂಗೀತ ಕಾರ್ಯಕ್ರಮವಿದ್ದ ದಿನ ಅದನ್ನು ವೇದಿಕೆಯ ನಡುವಿಗೆ ತರಬೇಕು, ನಾಟಕವಿದ್ದರೆ ಬದಿಗೆ ಸರಿಸಬೇಕು. ಕಾಲುಗಳಿಗಿರುವ ಪುಟ್ಟ ಹಿತ್ತಾಳೆ ಗಾಲಿಗಳ ಮೇಲೆ ಪದೇ ಪದೇ ತಳ್ಳುವುದು ಬೇಡವೆಂದು ಶಾಲೆಯವರು ಈಗ ಉಕ್ಕಿನ ಚೌಕಟ್ಟೊಂದನ್ನು ತರಿಸಿದ್ದಾರೆ. ನಡುಭಾಗದಿಂದ ಮೂರು ದಿಕ್ಕಿಗೆ ಮೂರು ತೋಳುಗಳು. ಪ್ರತಿ ತೋಳಿನ ತುದಿಯಲ್ಲಿ ಪಿಯಾನೋದ ಕಾಲು ಕೂರುವ ಬಟ್ಟಲು, ಬಟ್ಟಲಿನ ಎರಡೂ ಪಕ್ಕ ಬ್ರೇಕ್ ಇರುವ ರಬ್ಬರ್ ಚಕ್ರಗಳು. ತೋಳುಗಳನ್ನು ಹಿಗ್ಗಿಸಬಹುದು, ಕುಗ್ಗಿಸಬಹುದು.

ಪಿಯಾನೋವನ್ನು ಇದರ ಮೇಲೆ ಏರಿಸುವುದು ಹೇಗೆ ಎಂಬ ವಿವರ ಮಾತ್ರ ಜೊತೆಗೆ ಬಂದಿಲ್ಲ. ಹಿರಿಯ ವಿದ್ಯಾರ್ಥಿಗಳು ಎಂಟು ಮಂದಿ ಮುಂದೆ ಬಂದು, "ನಾವು ಎತ್ತಿ ಹಿಡಿಯುತ್ತೇವೆ, ನೀವು ಅಡಿಗೆ ತಳ್ಳಿಬಿಡಿ" ಎನ್ನುತ್ತಿದ್ದಾರೆ. ಅವರ ಉತ್ಸಾಹ ದೊಡ್ಡದು, ಆದರೆ ಅವರ ಬೆರಳುಗಳ ಬಗ್ಗೆ ನನಗೆ ಭಯವಿದೆ. ಇದನ್ನು ಮಾಡಿ ತಿಳಿದವರು ದಯವಿಟ್ಟು ಹೇಳಿ. ಜಾಕ್ ಬಳಸಬಹುದೇ? ಬಳಸಿದರೆ ಎಲ್ಲಿ ಕೊಡಬೇಕು?

ಮಂದ್ರಸ್ಥಾಯಿ

ವಿದ್ಯಾರ್ಥಿಗಳನ್ನು ದೂರ ನಿಲ್ಲಿಸಿದ್ದು ಬಹಳ ಒಳ್ಳೆಯದಾಯಿತು. ಪಿಯಾನೋ ದುರಸ್ತಿ ಮತ್ತು ಶ್ರುತಿ ನನ್ನ ವೃತ್ತಿ. ಈ ಕೆಲಸದಲ್ಲಿ ಜನ ಹೆದರುವುದು ತೂಕಕ್ಕೆ, ಆದರೆ ಹೆದರಬೇಕಾದದ್ದು ಅಡ್ಡ ಒತ್ತಡಕ್ಕೆ. ಗ್ರ್ಯಾಂಡ್ ಪಿಯಾನೋದ ಕಾಲು ನೇರವಾಗಿ ಮೇಲಿನಿಂದ ಬರುವ ಭಾರವನ್ನು ಎಷ್ಟು ಬೇಕಾದರೂ ಹೊರುತ್ತದೆ. ಪಕ್ಕದಿಂದ ತಳ್ಳಿದರೆ ಮಾತ್ರ ತಡೆಯುವುದಿಲ್ಲ. ಏಕೆಂದರೆ ಕಾಲು ಪಿಯಾನೋದ ಒಡಲಿನದೇ ಭಾಗವಲ್ಲ. ಮೇಲ್ತುದಿಯಲ್ಲಿ ಒಂದು ಲೋಹದ ತಟ್ಟೆ, ಅದನ್ನು ಬಿಗಿಹಿಡಿಯುವ ಬೆಣೆ ಅಥವಾ ತಿರುಪು, ಹಿಡಿತವೆಲ್ಲ ಅಷ್ಟೇ. ಅರವತ್ತು ಸೆಂಟಿಮೀಟರ್ ಉದ್ದದ ಕಾಲಿನ ಬುಡಕ್ಕೆ ಅಡ್ಡವಾಗಿ ಬಿದ್ದ ಒತ್ತಡ ಸನ್ನೆಯಂತೆ ಹಲವು ಪಟ್ಟು ಹೆಚ್ಚಿ ಆ ತಟ್ಟೆಯನ್ನು ಕೀಳುತ್ತದೆ. ಎಂಟು ಜನ ಒಟ್ಟಿಗೆ ಎತ್ತಿದಾಗ ಒಬ್ಬರು ಅರ್ಧ ಕ್ಷಣ ಮೊದಲು, ಇನ್ನೊಬ್ಬರು ಅರ್ಧ ಕ್ಷಣ ತಡವಾಗಿ ಎತ್ತುತ್ತಾರೆ. ಪಿಯಾನೋ ಪಕ್ಕಕ್ಕೆ ಜರುಗುತ್ತದೆ, ಇನ್ನೂ ನೆಲದ ಮೇಲಿರುವ ಕಾಲು ಆ ಜರುಗನ್ನೆಲ್ಲ ತಿನ್ನುತ್ತದೆ. ಕಾಲು ಮುರಿಯುವುದು ಹೀಗೆ.

ಆದ್ದರಿಂದ ಇಡೀ ಪಿಯಾನೋವನ್ನು ಒಮ್ಮೆಗೇ ಎತ್ತುವ ಯೋಚನೆಯನ್ನು ಬಿಡಿ. ಒಂದು ಮೂಲೆ, ಜಾಕ್‌ನಿಂದ, ಬೇಕಾದಷ್ಟೇ ಎತ್ತರ. ಆ ಕಾಲು ಬಟ್ಟಲಿನಲ್ಲಿ ಕುಳಿತ ಮೇಲೆ ಮುಂದಿನ ಮೂಲೆ.

ಜಾಕ್ ಎಲ್ಲಿ ಕೊಡಬೇಕು ಎಂಬುದು ಸರಿಯಾದ ಪ್ರಶ್ನೆ. ಟಾರ್ಚ್ ಹಿಡಿದು ಪಿಯಾನೋದ ಅಡಿಯಲ್ಲಿ ಮಲಗಿ ನೋಡಿ. ದಪ್ಪ ಮರದ ತೊಲೆಗಳು ಕಾಣುತ್ತವೆ. ಅವುಗಳ ಸಂದಿನಲ್ಲಿ ಮೇಲೆ ತೆಳ್ಳಗಿನ ಹಲಗೆಯೊಂದು, ಅದಕ್ಕೆ ಅಂಟಿದ ಪಟ್ಟಿಗಳು ಕಾಣುತ್ತವೆ. ಆ ಹಲಗೆಯೇ ನಾದಫಲಕ, ಪಿಯಾನೋದ ಜೀವ. ಒಂದು ಸೆಂಟಿಮೀಟರೂ ದಪ್ಪವಿಲ್ಲದ ಸ್ಪ್ರೂಸ್ ಮರ ಅದು. ಅದಕ್ಕೆ ಏನೂ ತಗುಲಬಾರದು. ಹಿಂದಿನ ಮೂಲೆಯನ್ನು ಎತ್ತುವಾಗ ಬಾಲದ ಕಾಲಿಗೆ ಆದಷ್ಟು ಹತ್ತಿರ, ತೊಲೆಯ ಅಡಿಗೇ ಜಾಕ್ ಕೊಡಿ. ಮುಂದಿನ ಮೂಲೆಗಳಲ್ಲಿ ಕೀಲಿಮಣೆಯ ಅಡಿಹಲಗೆಗೆ ಕಾಲಿನ ಪಕ್ಕದಲ್ಲೇ, ಮರ ಗಟ್ಟಿಯಾಗಿರುವ ಜಾಗದಲ್ಲಿ ಕೊಡಿ. ಅಡಿಹಲಗೆಯ ನಡುವೆ ಮಾತ್ರ ಖಂಡಿತ ಬೇಡ. ಕೀಲಿಗಳ ಚೌಕಟ್ಟು ಅದರ ಮೇಲೆಯೇ ಮಟ್ಟಸವಾಗಿ ಕುಳಿತಿರುತ್ತದೆ. ಅಡಿಹಲಗೆ ಸ್ವಲ್ಪ ಬಾಗಿದರೂ ಕೀಲಿಗಳ ಸ್ಪರ್ಶ ಕೆಡುತ್ತದೆ. ಪೆಡಲ್‌ಗಳನ್ನು ಹೊತ್ತಿರುವ ಮರದ ಗೂಡು, ಅಂದರೆ ಲೈರ್, ಭಾರ ಹೊರುವ ಅಂಗವಲ್ಲ. ಕೆಲಸಕ್ಕೆ ಮೊದಲೇ ಅದನ್ನು ಕಳಚಿಡಿ.

ಪರದೆಯ ಹಿಂದೆ

ರಂಗಮಂದಿರದಲ್ಲಿ ಸಾಮಾನು ಸಾಗಿಸುವ ತಂಡದಲ್ಲಿ ಬಹುಕಾಲದಿಂದ ಇದ್ದೇನೆ. ಮೇಲಿನ ಮಾತುಗಳನ್ನು ಗೌರವದಿಂದಲೇ ಓದಿದೆ, ಆದರೂ ಒಂದು ಭಿನ್ನಾಭಿಪ್ರಾಯವಿದೆ. ನಮ್ಮ ತಂಡ ಇಂತಹ ಪಿಯಾನೋಗಳನ್ನು ಕೈಯಿಂದಲೇ ಎತ್ತಿ ಚೌಕಟ್ಟಿಗೆ ಕೂರಿಸುತ್ತದೆ. ಒಬ್ಬನೇ ಆಜ್ಞೆ ಕೊಡಬೇಕು, ಉಳಿದವರು ಉಸಿರಿಗೆ ಉಸಿರು ಸೇರಿಸಿ ಎತ್ತಬೇಕು. ಬಾಲದ ಮೂಲೆ ಹಗುರ, ಅಲ್ಲಿ ಇಬ್ಬರು ಸಾಕು. ಮುಂದಿನ ಮೂಲೆಗಳಿಗೆ ನಾಲ್ವರು. ಜಾಕ್ ಎಂದರೆ ನನಗೆ ಹೆದರಿಕೆಯೇ ಹೆಚ್ಚು. ಕೈಗೆ ಭಾರ ಹೆಚ್ಚಾದರೆ ಕೂಡಲೇ ತಿಳಿಯುತ್ತದೆ. ಜಾಕ್ ಜಾರುವ ಕ್ಷಣದವರೆಗೂ ಯಾವ ಸೂಚನೆಯನ್ನೂ ಕೊಡುವುದಿಲ್ಲ. ಅನುಭವವಿರುವ ಕೈಗಳಿದ್ದರೆ ಅವನ್ನೇ ನಂಬಿ ಎನ್ನುತ್ತೇನೆ.

ಭೌತಚಿಕಿತ್ಸಕಿ

ಪರದೆಯ ಹಿಂದೆ ಅವರೇ, ನಿಮ್ಮ ತಂಡದ ಶಿಸ್ತಿನ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಲೆಕ್ಕ ನೋಡೋಣ. 320 ಕೆ.ಜಿ.ಯನ್ನು ಮೂರು ಕಾಲುಗಳಿಗೆ ಸಮವಾಗಿ ಹಂಚಿದರೂ ಒಂದು ಮೂಲೆಗೆ 107 ಕೆ.ಜಿ. ಬೀಳುತ್ತದೆ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ಎನ್ಐಒಎಸ್ಎಚ್ 1991ರಲ್ಲಿ ಪರಿಷ್ಕರಿಸಿದ ಸೂತ್ರದಲ್ಲಿ ಒಬ್ಬರು ಎತ್ತಬಹುದಾದ ಮಿತಿ 23 ಕೆ.ಜಿ. ಅದೂ ಎಲ್ಲವೂ ಅನುಕೂಲವಾಗಿದ್ದಾಗ: ವಸ್ತು ಮೈಗೆ ಒತ್ತಿಕೊಂಡಿರಬೇಕು, ಸೊಂಟ ತಿರುಚಬಾರದು, ಹಿಡಿ ಚೆನ್ನಾಗಿರಬೇಕು. ಪಿಯಾನೋದ ಅಂಚಿನಲ್ಲಿ ಹಿಡಿಯೇ ಇಲ್ಲ. ಬಾಗಿ, ತೋಳು ಚಾಚಿ ಎತ್ತಬೇಕು. ಆ 23 ಇನ್ನೂ ಕೆಳಗಿಳಿಯುತ್ತದೆ. ಹಾಗಿರುವಾಗ ಒಂದು ಮೂಲೆಗೆ ಐದಾರು ಜನ ಬೇಕು. ಒಂದು ಮೂಲೆಯಲ್ಲಿ ಅಷ್ಟು ಜನ ಒತ್ತಿ ನಿಂತರೆ ಯಾರಿಗೂ ಸರಿಯಾಗಿ ಕಾಲೂರಲು ಜಾಗವೇ ಇರುವುದಿಲ್ಲ.

ಇನ್ನೊಂದು ಮಾತು. ಕೆಲವರು ಪಿಯಾನೋದ ಅಡಿಯಲ್ಲಿ ನಾಲ್ಕು ಕಾಲಿನ ಭಂಗಿಯಲ್ಲಿ ಕುಳಿತು ಬೆನ್ನಿನಿಂದಲೇ ಬಾಲದ ಮೂಲೆಯನ್ನು ಎತ್ತುತ್ತಾರೆ. ಬಲಶಾಲಿಗೆ ಅದು ಸಾಧ್ಯವೂ ಆಗುತ್ತದೆ. ಆದರೆ ಹಾಗೆ ಎತ್ತಿದವನ ಕೈ ಸೋತರೆ ಅವನು ಹೊರಬರಲು ದಾರಿಯೇ ಇಲ್ಲ. ಹದಿಹರೆಯದವರು ಇದನ್ನು ಒಮ್ಮೆ ನೋಡಿದರೆ ಪ್ರಯತ್ನಿಸದೆ ಬಿಡುವುದಿಲ್ಲ. ಅವರ ಮುಂದೆ ಯಾರೂ ಇದನ್ನು ಮಾಡಿ ತೋರಿಸಬೇಡಿ.

ಸನ್ನೆಗೋಲು

ಭಾರದ ಯಂತ್ರಗಳನ್ನು ಎತ್ತಿ ಕೂರಿಸುವ ಕೆಲಸ ನನ್ನದು. ಜಾಕ್ ಬಗ್ಗೆ ಪರದೆಯ ಹಿಂದೆ ಅವರಿಗಿರುವ ಹೆದರಿಕೆ ನ್ಯಾಯವಾದದ್ದೇ. ಜಾಕ್ ಏಕೆ ಜಾರುತ್ತದೆ ಎಂಬುದು ತಿಳಿದರೆ ಆ ಹೆದರಿಕೆಗೆ ಪರಿಹಾರವೂ ಸಿಗುತ್ತದೆ.

ಒಂದು ಮೂಲೆಯನ್ನು ಎತ್ತಿದಾಗ ಪಿಯಾನೋ ನೇರವಾಗಿ ಮೇಲೇರುವುದಿಲ್ಲ. ಉಳಿದ ಎರಡು ಕಾಲುಗಳ ಬುಡವನ್ನು ಸೇರಿಸುವ ಗೆರೆಯ ಮೇಲೆ ಅದು ತಿರುಗುತ್ತದೆ. ಆ ಗೆರೆಯಿಂದ ನೀವು ಎತ್ತುವ ಮೂಲೆ ಸುಮಾರು 130 ಸೆಂ.ಮೀ. ದೂರವಿದೆ ಎಂದುಕೊಳ್ಳಿ. ಜಾಕ್ ತಾಗುವ ಜಾಗ ನೆಲದಿಂದ ಸುಮಾರು 60 ಸೆಂ.ಮೀ. ಎತ್ತರ. ಮೂಲೆಯನ್ನು 5 ಸೆಂ.ಮೀ. ಎತ್ತಿದರೆ ಪಿಯಾನೋ ವಾಲುವುದು ಎರಡು ಡಿಗ್ರಿಗಿಂತ ತುಸು ಹೆಚ್ಚು, ಕಣ್ಣಿಗೆ ಏನೂ ಅನ್ನಿಸುವುದಿಲ್ಲ. ಆದರೆ ಜಾಕ್ ತಾಗಿದ ಜಾಗ ಅಷ್ಟರಲ್ಲಿ ಉಳಿದ ಕಾಲುಗಳ ಕಡೆಗೆ 2.3 ಸೆಂ.ಮೀ. ಅಡ್ಡಕ್ಕೆ ಸರಿದಿರುತ್ತದೆ. ನೆಟ್ಟಗೆ ನಿಂತಿದ್ದ ಜಾಕ್ ಈಗ ಓರೆಯಾಗಿದೆ, ಇಲ್ಲವೇ ಗಾಲಿಗಳು ಉರುಳಿ ಇಡೀ ಪಿಯಾನೋ ಜರುಗಿದೆ. ಎರಡೂ ಅಪಾಯ. ಅದೇ ಮೂಲೆಯನ್ನು 1.5 ಸೆಂ.ಮೀ. ಮಾತ್ರ ಎತ್ತಿದರೆ ಅಡ್ಡ ಸರಿಯುವುದು ಏಳು ಮಿಲಿಮೀಟರ್ ಅಷ್ಟೇ. ಪರಿಹಾರ ಇಲ್ಲಿದೆ: ಒಂದೂವರೆ ಸೆಂಟಿಮೀಟರ್ ಎತ್ತಿ, ಪಕ್ಕದಲ್ಲಿ ಮರದ ದಿಮ್ಮಿ ಕೊಟ್ಟು, ಭಾರವನ್ನು ದಿಮ್ಮಿಯ ಮೇಲೆ ಇಳಿಸಿ, ಜಾಕನ್ನು ಸಡಿಲಿಸಿ ಮತ್ತೆ ನೆಟ್ಟಗೆ ನಿಲ್ಲಿಸಿ, ಇನ್ನೊಂದೂವರೆ ಎತ್ತಿ. ನಿಧಾನದ ಕೆಲಸ, ಆದರೆ ಜಾಕ್ ಎಂದೂ ಓರೆಯಾಗುವುದಿಲ್ಲ.

ಎರಡನೆಯ ತೊಂದರೆ ಎತ್ತರದ್ದು. ಗ್ಯಾರೇಜಿನಲ್ಲಿರುವ ಸಣ್ಣ ಟ್ರಾಲಿ ಜಾಕ್ ಆಗಲಿ, ಬಾಟಲ್ ಜಾಕ್ ಆಗಲಿ ನೆಲದಿಂದ ಪಿಯಾನೋದ ಅಡಿಯವರೆಗೆ ಮುಟ್ಟುವುದಿಲ್ಲ. ಆಗ ಜನ ಜಾಕ್ ಮೇಲೆ ಉದ್ದನೆಯ ಮರದ ಕಂಬ ನಿಲ್ಲಿಸುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ತಲೆಯ ಮೇಲೆ ಕಂಬ ಹೊತ್ತ ಜಾಕ್ ಪಕ್ಕಕ್ಕೆ ಮಗುಚಲು ಚಿಕ್ಕ ನೆಪ ಸಾಕು. ಕಂಬದ ಬದಲು ಜಾಕ್ ಅಡಿಯಲ್ಲಿ ಎತ್ತರ ಕೊಡಿ. ಒಂದೇ ಅಳತೆಯ ಚೌಕ ಮರದ ತುಂಡುಗಳನ್ನು ಎರಡು ಉದ್ದಕ್ಕೆ, ಅದರ ಮೇಲೆ ಎರಡು ಅಡ್ಡಕ್ಕೆ ಹೀಗೆ ಪೇರಿಸಿ ಅಗಲವಾದ ಅಟ್ಟಣೆ ಕಟ್ಟಿ. ಅದರ ಎತ್ತರ ತಳದ ಅಗಲವನ್ನು ಮೀರದಿರಲಿ. ಮೇಲೆ ದಪ್ಪ ಪ್ಲೈವುಡ್ ತುಂಡು, ಅದರ ಮೇಲೆ ಬಾಟಲ್ ಜಾಕ್. ಜಾಕ್ ತಲೆಗೂ ತೊಲೆಗೂ ನಡುವೆ ಗಟ್ಟಿಮರದ ಸಣ್ಣ ಹಲಗೆ, ಅದಕ್ಕೆ ತೆಳು ರಬ್ಬರ್ ಅಥವಾ ಉಣ್ಣೆಬಟ್ಟೆ. ಇಟ್ಟಿಗೆ ಮತ್ತು ಕಾಂಕ್ರೀಟ್ ತುಂಡು ಬೇಡವೇ ಬೇಡ. ಅವು ಸಣ್ಣ ಜಾಗದಲ್ಲಿ ಒತ್ತಡ ಬಿದ್ದರೆ ಮುನ್ಸೂಚನೆಯಿಲ್ಲದೆ ಸೀಳುತ್ತವೆ. ಮರ ಒಡೆಯುವ ಮೊದಲು ಸದ್ದು ಮಾಡುತ್ತದೆ.

ಪಿಯಾನೋಗೆಂದೇ ಮಾಡಿದ ಎತ್ತರದ ಜಾಕ್ ಸಿಗುವ ಹಾಗಿದ್ದರೆ ಇದೆಲ್ಲ ಬೇಡ, ಅದನ್ನೇ ತರಿಸಿ.

ಪರದೆಯ ಹಿಂದೆ

ಅಡ್ಡಕ್ಕೆ ಸರಿಯುವ ಲೆಕ್ಕ ನನಗೆ ಹೊಸದು. ಕೈಯಿಂದ ಎತ್ತುವಾಗಲೂ ಪಿಯಾನೋ ನಮ್ಮಿಂದ ದೂರ ತಳ್ಳಿಕೊಂಡು ಹೋದಂತೆ ಅನ್ನಿಸುವುದು ಇದಕ್ಕೇ ಇರಬೇಕು. ಅನುಭವವಿಲ್ಲದ ತಂಡಕ್ಕೆ ಜಾಕ್ ಮತ್ತು ದಿಮ್ಮಿಯೇ ಸರಿ, ಒಪ್ಪುತ್ತೇನೆ.

ಸಭಾಂಗಣ ಉಸ್ತುವಾರಿ

ಎಲ್ಲರಿಗೂ ಕೃತಜ್ಞತೆಗಳು. ವಿದ್ಯಾರ್ಥಿಗಳಿಗೆ ಬೇಡವೆಂದು ಹೇಳಿದ್ದೇನೆ. ಎರಡು ಟನ್ನಿನ ಬಾಟಲ್ ಜಾಕ್ ಇದೆ, ಮರದ ತುಂಡುಗಳನ್ನು ಬಡಗಿಯಿಂದ ಒಂದೇ ಅಳತೆಗೆ ಕೊಯ್ಯಿಸುತ್ತೇನೆ. ನಾವು ನಾಲ್ವರು ವಯಸ್ಕರಿದ್ದೇವೆ. ಈಗ ಕ್ರಮದ ಪ್ರಶ್ನೆ. ಯಾವ ಮೂಲೆ ಮೊದಲು? ಹಿತ್ತಾಳೆ ಗಾಲಿಗಳನ್ನು ತೆಗೆಯಬೇಕೇ, ಅಥವಾ ಗಾಲಿ ಸಮೇತ ಬಟ್ಟಲಿನಲ್ಲಿ ಕೂರಿಸಬೇಕೇ? ಮುಚ್ಚಳ ಕಳಚಬೇಕೇ? ಮತ್ತೊಂದು ಅನುಮಾನ: ಮೂಲೆ ಎತ್ತುವಾಗ ಇಡೀ ಪಿಯಾನೋ ಮಗುಚುವ ಸಂಭವವಿದೆಯೇ?

ಮಂದ್ರಸ್ಥಾಯಿ

ಕೊನೆಯ ಅನುಮಾನದಿಂದ ಆರಂಭಿಸುತ್ತೇನೆ. ಮೂರು ಕಾಲಿನ ವಸ್ತು ನಿಲ್ಲುವುದು ಅದರ ಭಾರದ ಕೇಂದ್ರ ಆ ಮೂರು ಬಿಂದುಗಳ ತ್ರಿಕೋನದೊಳಗೆ ಇರುವವರೆಗೆ. ನೀವು ಒಂದು ಮೂಲೆ ಎತ್ತಿದಾಗ ಆ ಕಾಲಿನ ಸ್ಥಾನವನ್ನು ಜಾಕ್ ತೆಗೆದುಕೊಳ್ಳುತ್ತದೆ. ಜಾಕ್ ಕಾಲಿನ ಪಕ್ಕದಲ್ಲೇ ಇದ್ದರೆ ತ್ರಿಕೋನ ಹೆಚ್ಚುಕಡಿಮೆ ಮೊದಲಿನಷ್ಟೇ ದೊಡ್ಡದು, ಪಿಯಾನೋ ಮಗುಚುವುದಿಲ್ಲ. ಜಾಕನ್ನು ಒಳಕ್ಕೆ, ಪಿಯಾನೋದ ಹೊಟ್ಟೆಯ ಕಡೆಗೆ ಕೊಟ್ಟಷ್ಟೂ ತ್ರಿಕೋನ ಕುಗ್ಗುತ್ತದೆ. ಎತ್ತುವುದು ಸುಲಭವೆಂದು ಅನ್ನಿಸದು, ಆದರೂ ಕೈಗೆ ಸಿಗುವ ಜಾಗವೆಂದು ಹಲವರು ನಡುವಿನ ತೊಲೆಗೇ ಕೊಡುತ್ತಾರೆ. ಅದು ತಪ್ಪು. ಕಾಲಿಗೆ ಹತ್ತಿರ, ಇದೊಂದನ್ನು ಬಿಡಬೇಡಿ.

ಮುಚ್ಚಳ ಕಳಚುವ ಅಗತ್ಯವಿಲ್ಲ. ಮುಚ್ಚಿ, ಮೆತ್ತನೆ ಹೊದಿಕೆ ಹಾಕಿ, ಪಟ್ಟಿಯಿಂದ ಬಿಗಿಯಿರಿ. ತೆರೆದ ಮುಚ್ಚಳ ಭಾರದ ಕೇಂದ್ರವನ್ನು ಮೇಲಕ್ಕೂ ಪಕ್ಕಕ್ಕೂ ಒಯ್ಯುತ್ತದೆ. ಸ್ವರಲಿಪಿ ಇಡುವ ಹಲಗೆಯನ್ನು ಹೊರಗೆ ಎಳೆದು ಬೇರೆ ಇಡಿ. ಕೀಲಿಗಳ ಮೇಲಿನ ಪುಟ್ಟ ಮುಚ್ಚಳವನ್ನೂ ಮುಚ್ಚಿ. ಲೈರ್ ಕಳಚುವಾಗ ಅದರ ಹಿಂದಿನ ಆಸರೆ ಕಡ್ಡಿಗಳನ್ನು, ಪೆಡಲಿನ ಸರಳುಗಳನ್ನು ಎಡ, ನಡು, ಬಲ ಎಂದು ಗುರುತು ಮಾಡಿಡಿ. ಅದಲು ಬದಲಾದರೆ ಪೆಡಲ್ ಸರಿಯಾಗಿ ಕೆಲಸ ಮಾಡುವುದಿಲ್ಲ.

ಬಳಿಕ ಕಾಲುಗಳ ಹಿಡಿತ ಪರೀಕ್ಷಿಸಿ. ಇದನ್ನು ಮರೆಯುವವರೇ ಹೆಚ್ಚು. ಪಿಯಾನೋ ಕಾಲಿನ ಮೇಲೆ ಕುಳಿತಿರುವಾಗ ಸಡಿಲ ಕಾಲೂ ಗಟ್ಟಿಯಾಗಿಯೇ ಕಾಣುತ್ತದೆ, ಭಾರವೇ ಅದನ್ನು ಹಿಡಿದಿರುತ್ತದೆ. ಮೂಲೆ ಎತ್ತಿದೊಡನೆ ಬೆಣೆ ಸಡಿಲವಾಗಿದ್ದರೆ ಕಾಲು ಕಳಚಿ ನೆಲಕ್ಕೆ, ಅಥವಾ ಯಾರದೋ ಪಾದಕ್ಕೆ ಬೀಳುತ್ತದೆ. ಬೆಣೆಯ ಕಾಲಾದರೆ ರಬ್ಬರ್ ಸುತ್ತಿಗೆಯಿಂದ ಬಿಗಿಯುವ ದಿಕ್ಕಿಗೆ ಮೆಲ್ಲನೆ ತಟ್ಟಿ. ತಿರುಪಿನದಾದರೆ ತಿರುಪುಗಳನ್ನು ಬಿಗಿಯಿರಿ.

ಗಾಲಿ ತೆಗೆಯುವ ವಿಚಾರ ನಿಮ್ಮ ಚೌಕಟ್ಟಿನ ಬಟ್ಟಲನ್ನು ಅವಲಂಬಿಸಿದೆ. ನೆಲದಿಂದ ಬಟ್ಟಲಿನ ತಳಕ್ಕೆ ಎಷ್ಟು ಎತ್ತರ, ಗಾಲಿಯ ಎತ್ತರ ಎಷ್ಟು, ಎರಡನ್ನೂ ಅಳೆಯಿರಿ. ಗಾಲಿ ತೆಗೆದು ಕೂರಿಸಿದರೆ ಇವೆರಡರ ವ್ಯತ್ಯಾಸದಷ್ಟು ಮಾತ್ರ ಪಿಯಾನೋ ಏರುತ್ತದೆ. ಗಾಲಿ ಸಮೇತ ಕೂರಿಸಿದರೆ ಬಟ್ಟಲಿನ ಪೂರ್ತಿ ಎತ್ತರ ಸೇರುತ್ತದೆ, ಜೊತೆಗೆ ಗಾಲಿ ಬಟ್ಟಲಿನೊಳಗೆ ತಿರುಗಾಡುವ ಅವಕಾಶವೂ ಇರುತ್ತದೆ. ನನ್ನ ಒಲವು ತೆಗೆಯುವ ಕಡೆಗೆ. ಆದರೆ ಬರಿಯ ಕಾಲಿನ ಬುಡ ಬಟ್ಟಲಿನಲ್ಲಿ ಪೂರ್ತಿ ತಳವೂರುತ್ತದೆಯೇ ಎಂದು ಮೊದಲು ಅಳತೆ ನೋಡಿ. ಹೆಚ್ಚಿನ ಗಾಲಿಗಳ ಮೇಲೆ ಒಂದು ದಂಟು ಇದ್ದು ಕಾಲಿನ ಬುಡದ ತೂತಿಗೆ ಸೇರಿರುತ್ತದೆ. ದಂಟು ಹೊರಬರುವಷ್ಟು ಎತ್ತಿದರೆ ಸಾಕು. ತಟ್ಟೆಯಿಂದ ತಿರುಪು ಹಾಕಿದ ಗಾಲಿಗೆ ಅಷ್ಟೂ ಬೇಡ.

ಎತ್ತುವ ಮೊದಲೇ ಚೌಕಟ್ಟನ್ನು ಪಿಯಾನೋದ ಅಡಿಯಲ್ಲಿ ಜೋಡಿಸಿ ಇರಿಸಿ, ತೋಳುಗಳನ್ನು ಪೂರ್ತಿ ಕುಗ್ಗಿಸಿ. ಪ್ರತಿ ತೋಳೂ ತನ್ನ ಕಾಲಿನ ಕಡೆಗೆ ಮುಖ ಮಾಡಿರಲಿ. ಅಟ್ಟಣೆ ಮತ್ತು ದಿಮ್ಮಿಗಳು ತೋಳು ಚಾಚುವ ದಾರಿಗೆ ಅಡ್ಡ ಬರದಂತೆ ಕಾಲಿನ ಎರಡು ಪಕ್ಕಗಳಲ್ಲಿರಬೇಕು. ಇದನ್ನು ಮೊದಲೇ ಯೋಚಿಸದಿದ್ದರೆ ಪಿಯಾನೋ ಎತ್ತಿದ ಮೇಲೆ ತೋಳು ಹೊರಗೆ ಬರಲು ಜಾಗವಿರುವುದಿಲ್ಲ.

ಕ್ರಮಕ್ಕೆ ಶಾಸ್ತ್ರವೇನೂ ಇಲ್ಲ. ನಾನು ಬಾಲದ ಮೂಲೆಯಿಂದ ಆರಂಭಿಸುತ್ತೇನೆ, ಅಲ್ಲಿ ಭಾರ ಕಡಿಮೆ. ತಂಡದವರಿಗೆ ಕೈ ಕುದುರುತ್ತದೆ. ಆಮೇಲೆ ಮಂದ್ರದ ಬದಿ, ಅಂದರೆ ನುಡಿಸುವವರ ಎಡಗಡೆ, ಕೊನೆಗೆ ತಾರದ ಬದಿ, ಅಂದರೆ ಬಲಗಡೆ. ಎತ್ತದಿರುವ ಎರಡು ಗಾಲಿಗಳಿಗೆ ಹಿಂದೆ ಮುಂದೆ ರಬ್ಬರ್ ಬೆಣೆ ಕೊಡಿ. ಚೌಕಟ್ಟಿನ ಮೇಲೆ ಆಗಲೇ ಕುಳಿತ ಕಾಲಿದ್ದರೆ ಆ ತೋಳಿನ ಬ್ರೇಕ್ ಹಾಕಿ. ನಾಲ್ವರಲ್ಲಿ ಒಬ್ಬರು ಜಾಕ್ ಒತ್ತಲಿ, ಒಬ್ಬರು ದಿಮ್ಮಿ ಕೊಡಲಿ, ಒಬ್ಬರು ದೂರದ ಎರಡು ಕಾಲುಗಳನ್ನೇ ನೋಡುತ್ತಿರಲಿ. ನಾಲ್ಕನೆಯವರು ಮಾತನಾಡಲಿ, ಉಳಿದವರು ಸುಮ್ಮನಿರಲಿ. ಕಾಲು ನೆಲದ ಮೇಲೆ ಕದಲಿದ್ದು ಕಂಡರೆ ಆ ನೋಡುವವರೇ "ನಿಲ್ಲಿ" ಎನ್ನಬೇಕು, ಆಜ್ಞೆಗೆ ಕಾಯಬಾರದು.

ಗಾಲಿ ತೆಗೆಯಲು ಕೈ ಹಾಕುವುದು ಭಾರ ದಿಮ್ಮಿಯ ಮೇಲೆ ಇಳಿದ ಮೇಲೆ ಮಾತ್ರ. ಹೈಡ್ರಾಲಿಕ್ ಜಾಕ್ ಒಳಗಿನ ಎಣ್ಣೆ ಸೋರಿ ಮೆಲ್ಲನೆ ಕುಸಿಯಬಹುದು. ಬೆರಳಿನ ಕೆಲಸ ನಡೆಯುವಾಗ ಜಾಕನ್ನು ನಂಬಲೇಬಾರದು.

ಸನ್ನೆಗೋಲು

ಸೇರಿಸಲು ಒಂದೇ ಮಾತಿದೆ. ಮರದ ವೇದಿಕೆಯಾದರೆ ಅದರ ಅಡಿಯಲ್ಲಿ ಅಡ್ಡ ತೊಲೆಗಳು ಎಲ್ಲಿವೆ ಎಂದು ನೋಡಿಕೊಳ್ಳಿ. ನೂರು ಕಿಲೋಗೂ ಮಿಕ್ಕ ಭಾರ ಅಟ್ಟಣೆಯ ಮೂಲಕ ಒಂದೇ ಜಾಗಕ್ಕೆ ಬೀಳುತ್ತದೆ. ಅಟ್ಟಣೆಯ ಕೆಳಗೆ 18 ಮಿ.ಮೀ. ಪ್ಲೈವುಡ್ ಹಾಸಿದರೆ ಭಾರ ಹರಡುತ್ತದೆ, ನೆಲಕ್ಕೆ ತಗ್ಗೂ ಬೀಳುವುದಿಲ್ಲ. ರತ್ನಗಂಬಳಿಯ ಮೇಲೆ ಅಟ್ಟಣೆ ಕಟ್ಟಬೇಡಿ, ಸುತ್ತಿ ತೆಗೆದಿಡಿ.

ಎಂಬತ್ತೆಂಟು ಮನೆಗಳು

ಪಿಯಾನೋ ನುಡಿಸುವವಳ ಕಡೆಯಿಂದ ಒಂದು ಬಿನ್ನಹ. ಎತ್ತರದ ವಿಚಾರವನ್ನು ಮಂದ್ರಸ್ಥಾಯಿ ಅವರು ಹೇಳಿದ್ದಾರೆ, ಆದರೆ ಅದರ ಪರಿಣಾಮ ನುಡಿಸುವವರಿಗೆ ಎಷ್ಟೆಂದು ಹೇಳಬೇಕು. ಕೀಲಿಮಣೆ ಎರಡು ಸೆಂಟಿಮೀಟರ್ ಏರಿದರೆ ಆಸನವನ್ನು ಏರಿಸಿಕೊಳ್ಳಬಹುದು. ಪೆಡಲ್ ಏರಿದರೆ ಏನು ಮಾಡುವುದು? ಹಿಮ್ಮಡಿ ನೆಲದ ಮೇಲೆಯೇ ಇರುತ್ತದೆ, ಪಾದದ ಮುಂಭಾಗ ಮಾತ್ರ ಮೇಲೇರಬೇಕು. ಎರಡು ಗಂಟೆ ಹಾಗೆ ನುಡಿಸಿದರೆ ಕಣಕಾಲು ಹಿಡಿದುಕೊಳ್ಳುತ್ತದೆ, ಸೂಕ್ಷ್ಮವಾಗಿ ಅರ್ಧ ಪೆಡಲ್ ಒತ್ತುವುದು ಕಷ್ಟವಾಗುತ್ತದೆ. ಆದ್ದರಿಂದ ಗಾಲಿ ತೆಗೆಯುವ ವಿಧಾನವನ್ನೇ ಆರಿಸಿಕೊಳ್ಳಿ ಎಂದು ಕೇಳಿಕೊಳ್ಳುತ್ತೇನೆ. ಹಾಗೂ ಏರಿದರೆ ಹಿಮ್ಮಡಿಯ ಕೆಳಗೆ ಅಷ್ಟೇ ದಪ್ಪದ ಜಾರದ ಹಲಗೆಯೊಂದನ್ನು ಮಾಡಿಸಿಡಿ.

ಚೌಕಟ್ಟಿನ ತೋಳು ಪೆಡಲ್‌ಗಳ ಅಡಿಯಲ್ಲೋ ಹಿಂದೆಯೋ ಹಾದುಹೋಗಬಹುದು. ಲೈರ್ ಮರಳಿ ಹಾಕಿದ ಮೇಲೆ ಮೂರೂ ಪೆಡಲ್‌ಗಳನ್ನು ಪೂರ್ತಿ ಒತ್ತಿ, ಯಾವುದೂ ಉಕ್ಕಿಗೆ ತಾಗುವುದಿಲ್ಲವೆಂದು ಖಚಿತ ಮಾಡಿಕೊಳ್ಳಿ. ಕಾರ್ಯಕ್ರಮದ ದಿನ ಮುಂದಿನ ಚಕ್ರಗಳು ನುಡಿಸುವವರ ಪಾದದ ಕಡೆಗೆ ಚಾಚದಂತೆ ಹೊರಕ್ಕೆ ತಿರುಗಿಸಿ ಬ್ರೇಕ್ ಹಾಕಬೇಕು. ಎಲ್ಲ ಬ್ರೇಕ್‌ಗಳನ್ನೂ ಹಾಕಬೇಕು. ಗಟ್ಟಿಯಾಗಿ ನುಡಿಸುವಾಗ ಪಿಯಾನೋ ಕೂದಲೆಳೆಯಷ್ಟು ಹಿಂದೆ ಸರಿದರೂ ನಮ್ಮ ಕೈಗೆ ಅದು ತಿಳಿಯುತ್ತದೆ, ಮನಸ್ಸು ಸಂಗೀತದಿಂದ ಕದಲುತ್ತದೆ.

ಪರದೆಯ ಹಿಂದೆ

ಇನ್ನೊಂದು ವಿಧಾನವೂ ಇದೆ, ಪೂರ್ಣತೆಗಾಗಿ ಹೇಳುತ್ತೇನೆ. ಲೈರ್ ತೆಗೆದು, ಮಂದ್ರದ ಬದಿಯ ಮುಂದಿನ ಕಾಲನ್ನು ಕಳಚಿ, ಪಿಯಾನೋವನ್ನು ಆ ಬದಿಯ ಉದ್ದನೆಯ ನೇರ ಪಕ್ಕದ ಮೇಲೆ ಮೆತ್ತೆ ಹಾಸಿದ ಹಲಗೆಗೆ ಮಲಗಿಸುವುದು. ಪಿಯಾನೋವನ್ನು ಒಂದು ಕಟ್ಟಡದಿಂದ ಇನ್ನೊಂದಕ್ಕೆ ಸಾಗಿಸುವಾಗ ಮಾಡುವುದು ಇದನ್ನೇ. ಕಾಲುಗಳನ್ನು ಮರಳಿ ಹಾಕಿ ಎಬ್ಬಿಸುವಾಗ ನೇರವಾಗಿ ಚೌಕಟ್ಟಿನ ಮೇಲೆ ಇಳಿಸಬಹುದು. ಆದರೆ ಮಲಗಿಸುವ ಮತ್ತು ಎಬ್ಬಿಸುವ ಎರಡೂ ಹೊತ್ತಿನಲ್ಲಿ ಪೂರ್ತಿ ತೂಕ ಮನುಷ್ಯರ ಕೈಯಲ್ಲಿರುತ್ತದೆ, ಬಾಲದ ಕಾಲಿಗೆ ಅಡ್ಡ ಒತ್ತಡವೂ ಬೀಳುತ್ತದೆ. ಪಿಯಾನೋ ಇದ್ದಲ್ಲೇ ಇರುವಾಗ, ಚೌಕಟ್ಟು ಕೂರಿಸುವುದಕ್ಕಾಗಿಯೇ ಇದನ್ನು ಮಾಡಬೇಕಿಲ್ಲ. ಸಾಗಣೆಯವರು ಪಿಯಾನೋ ತಂದು ಇಳಿಸುವ ದಿನವೇ ಚೌಕಟ್ಟು ಸಿದ್ಧವಿದ್ದರೆ ಮಾತ್ರ ಇದು ಅನುಕೂಲ.

ಸಾಮರ್ಥ್ಯದ ಬಗ್ಗೆ ಯಾರೂ ಹೇಳಿಲ್ಲ. 274 ಸೆಂ.ಮೀ. ಉದ್ದದ ಸ್ಟೈನ್‌ವೇ ಡಿ 480 ಕೆ.ಜಿ. ತೂಗುತ್ತದೆ, 290 ಸೆಂ.ಮೀ. ಉದ್ದದ ಬೋಸೆಂಡೋರ್ಫರ್ ಇಂಪೀರಿಯಲ್ 552 ಕೆ.ಜಿ. ನಿಮ್ಮ ಚೌಕಟ್ಟಿನ ಮೇಲೆ ಎಷ್ಟು ಭಾರ ಹೊರುತ್ತದೆಂದು ಬರೆದಿದೆಯೋ ನೋಡಿ. ಮುಂದೆ ದೊಡ್ಡ ಪಿಯಾನೋ ಬಂದಾಗ ಅದೇ ಚೌಕಟ್ಟಿಗೆ ಕೂರಿಸುವ ಆಸೆ ಯಾರಿಗಾದರೂ ಹುಟ್ಟುತ್ತದೆ.

ಸಭಾಂಗಣ ಉಸ್ತುವಾರಿ

ಕೆಲಸ ಮುಗಿಯಿತು. ಬಾಲದ ಮೂಲೆಯಿಂದಲೇ ಆರಂಭಿಸಿದೆವು. ಮಂದ್ರದ ಬದಿಯ ಕಾಲಿನ ಬೆಣೆ ನಿಜವಾಗಿಯೂ ಸಡಿಲವಾಗಿತ್ತು. ಎತ್ತುವ ಮೊದಲು ತಟ್ಟಿ ಬಿಗಿದದ್ದರಿಂದ ಕಾಲು ಜಾಗ ಬಿಡಲಿಲ್ಲ. ಗಾಲಿಗಳನ್ನು ತೆಗೆದೆವು. ಗಾಲಿಗಿಂತ ಬಟ್ಟಲಿನ ತಳ ಒಂದು ಸೆಂಟಿಮೀಟರ್ ಎತ್ತರ, ಅಷ್ಟೇ ಏರಿದೆ. ಪೆಡಲ್‌ಗಳು ಉಕ್ಕಿಗೆ ತಾಗುತ್ತಿಲ್ಲ. ಜಾಕನ್ನು ಹಂತ ಹಂತಕ್ಕೂ ಮತ್ತೆ ನೆಟ್ಟಗೆ ನಿಲ್ಲಿಸಿದ್ದು ಎಷ್ಟು ಸರಿಯಾಯಿತೆಂದು ಪಕ್ಕದಲ್ಲಿ ನಿಂತು ನೋಡಿದ ಮೇಲೆ ತಿಳಿಯಿತು. ಪ್ರತಿ ಸಲವೂ ಅದು ಒಳಕ್ಕೆ ವಾಲಲು ಶುರುಮಾಡಿದ್ದು ಕಣ್ಣಿಗೆ ಕಾಣುತ್ತಿತ್ತು.

ಒಂದು ಸಂದೇಹ ಉಳಿದಿದೆ. ತಾರದ ಬದಿಯ ಕಾಲು ಬಟ್ಟಲಿನ ನಡುವೆ ಕುಳಿತಿಲ್ಲ, ಹೊರ ಅಂಚಿಗೆ ಒತ್ತಿಕೊಂಡಿದೆ. ತೋಳಿನ ಬೋಲ್ಟ್ ಬಿಗಿದಾಗಿದೆ. ಹೀಗೇ ಬಿಡಬಹುದೇ? ಶ್ರುತಿ ಮಾಡಿಸಬೇಕೇ?

ಮಂದ್ರಸ್ಥಾಯಿ

ಹಾಗೇ ಬಿಡಬೇಡಿ. ಅಂಚು ಕಾಲನ್ನು ಒತ್ತುತ್ತಿದೆ ಎಂದರೆ ಆ ತೋಳು ಅಷ್ಟು ಹೊತ್ತೂ ಕಾಲನ್ನು ಅಡ್ಡಕ್ಕೆ ತಳ್ಳುತ್ತಿದೆ ಎಂದರ್ಥ. ನಾವು ಯಾವ ಒತ್ತಡವನ್ನು ತಪ್ಪಿಸಲು ಇಷ್ಟೆಲ್ಲ ಮಾಡಿದೆವೋ ಅದೇ ಒತ್ತಡ ಈಗ ಹಗಲೂ ಇರುಳೂ ಅದರ ಮೇಲಿದೆ. ಆ ಮೂಲೆಗೆ ಮತ್ತೆ ಜಾಕ್ ಕೊಡಿ, ಕಾಲು ಬಟ್ಟಲಿನಿಂದ ಬಿಡಿಸಿಕೊಳ್ಳುವಷ್ಟು ಎತ್ತಿ ದಿಮ್ಮಿ ಕೊಡಿ, ತೋಳಿನ ಬೋಲ್ಟ್ ಸಡಿಲಿಸಿ ಬಟ್ಟಲನ್ನು ಕಾಲಿನ ನೇರಕ್ಕೆ ತನ್ನಿ, ಇಳಿಸಿ. ಬೋಲ್ಟ್ ಬಿಗಿಯುವುದು ಇಳಿಸಿದ ಮೇಲೆ. ಮೂರೂ ತೋಳುಗಳ ಬೋಲ್ಟ್‌ಗಳನ್ನು ಆಗ ಒಂದು ಸುತ್ತು ನೋಡಿ, ಪಿಯಾನೋವನ್ನು ಕೆಲವು ಸಲ ಸರಿಸಿದ ಬಳಿಕ ಇನ್ನೊಮ್ಮೆ ನೋಡಿ. ಹೊಸ ಚೌಕಟ್ಟಿನ ಬೋಲ್ಟ್‌ಗಳು ಭಾರ ಬಿದ್ದ ಮೇಲೆ ಸ್ವಲ್ಪ ಸಡಿಲವಾಗುತ್ತವೆ.

ಶ್ರುತಿಗೆ ಅವಸರವಿಲ್ಲ. ತಂತಿಗಳ ಒಟ್ಟು ಎಳೆತ ಸುಮಾರು 20 ಟನ್, ಅದನ್ನು ತಡೆದಿರುವುದು ಎರಕದ ಕಬ್ಬಿಣದ ಚೌಕಟ್ಟು. ಮೂಲೆ ಎರಡು ಡಿಗ್ರಿ ವಾಲಿದ್ದರಿಂದ ಅದು ಕದಲುವುದಿಲ್ಲ. ಶ್ರುತಿಯನ್ನು ಕೆಡಿಸುವುದು ತೇವ ಮತ್ತು ಬಿಸಿಯ ಏರಿಳಿತ. ಕೋಣೆ ಅದೇ ಆಗಿರುವುದರಿಂದ ವಾಡಿಕೆಯ ದಿನಕ್ಕೇ ಮಾಡಿಸಿ. ಲೈರ್ ಬಿಚ್ಚಿ ಹಾಕಿದ್ದರಿಂದ ಪೆಡಲ್‌ಗಳಲ್ಲಿ ಖಾಲಿ ಚಲನೆ ಬಂದಿದೆಯೇ ಎಂದು ಮಾತ್ರ ನುಡಿಸುವವರನ್ನು ಕೇಳಿ. ಬಂದಿದ್ದರೆ ಸರಳಿನ ತಿರುಪಿನಲ್ಲಿ ಸರಿಪಡಿಸಬಹುದು.

ಪರದೆಯ ಹಿಂದೆ

ಇನ್ನು ತಳ್ಳುವುದು. ಚಕ್ರ ದೊಡ್ಡದಾದ್ದರಿಂದ ಪಿಯಾನೋ ಈಗ ಒಬ್ಬರು ತಳ್ಳಿದರೂ ಹೊರಡುತ್ತದೆ, ನಿಲ್ಲಿಸಲು ಮಾತ್ರ ಒಬ್ಬರು ಸಾಲುವುದಿಲ್ಲ. ಬಾಲದ ಕಡೆ ಒಬ್ಬರು, ಕೀಲಿಮಣೆಯ ಕಡೆ ಒಬ್ಬರು ಕಡ್ಡಾಯವಾಗಿ ಇರಲಿ, ನಡಿಗೆಗಿಂತ ನಿಧಾನವಾಗಿ ಹೋಗಲಿ. ಪಿಯಾನೋದ ಒಡಲನ್ನು ಹಿಡಿದು ತಳ್ಳಿ. ಕಾಲನ್ನು, ಮುಚ್ಚಳದ ಅಂಚನ್ನು ಹಿಡಿಯಬೇಡಿ. ಇಳಿಜಾರಿಗೆ ಈ ಚೌಕಟ್ಟು ಸಲ್ಲದು. ಬಾಗಿಲಿಗೂ ಅಷ್ಟೆ: ನಿಮ್ಮ ಪಿಯಾನೋದ ಅಗಲ 149 ಸೆಂ.ಮೀ., ಸಾಮಾನ್ಯ ಬಾಗಿಲಿನಲ್ಲಿ ಹಿಡಿಸುವುದಿಲ್ಲ. ಸಭಾಂಗಣದಿಂದ ಹೊರಗೆ ಒಯ್ಯಬೇಕಾದ ದಿನ ಕಾಲು ಕಳಚಿ ಹಲಗೆಗೆ ಮಲಗಿಸುವವರನ್ನೇ ಕರೆಸಿ.